ಮೂವತ್ತು ಸಾವಿರದವಳು

ತಿಂಗಳ ಮೊದಲ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮಾಲೀಕರು ಗಾಜಿನ ಬಾಗಿಲಿನ ತಮ್ಮ ಕೋಣೆಗೆ ನಮ್ಮನ್ನು ಒಬ್ಬೊಬ್ಬರಾಗಿ ಕರೆಯುತ್ತಾರೆ. ಲಕೋಟೆ ಕೈಗಿಡುತ್ತಾರೆ. ಆಮೇಲೆ ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಹೇಳುತ್ತಾರೆ: "ನೋಡಮ್ಮ, ನಿಂಗೆ ಮಾತ್ರ ಸ್ವಲ್ಪ ಜಾಸ್ತಿ ಹಾಕಿದೀನಿ. ಹೊರಗೆ ಬಾಯಿ ಬಿಡಬೇಡ. ಉಳಿದವರಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು."

ಹನ್ನೊಂದು ವರ್ಷ ನಾನು ಈ ಮಾತನ್ನು ನಂಬಿದೆ. ಲಕೋಟೆಯನ್ನು ಚೀಲದ ತಳಕ್ಕೆ ತಳ್ಳಿ, ಹೊರಗೆ ಬಂದು, ಉಳಿದ ಏಳು ಜನರನ್ನು ನೋಡಿ ಪಾಪ ಅಂದುಕೊಳ್ಳುತ್ತಿದ್ದೆ. ಅವರೂ ಅದೇ ಕೋಣೆಯಿಂದ ಅದೇ ಮುಖ ಹೊತ್ತು ಬಂದು ನನ್ನನ್ನು ನೋಡಿ ಪಾಪ ಅಂದುಕೊಳ್ಳುತ್ತಿದ್ದರು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಷ್ಟು ಬುದ್ಧಿಯಿದ್ದಿದ್ದರೆ ನಾನು ಇನ್ನೆಲ್ಲೋ ಇರುತ್ತಿದ್ದೆ.

ನಾವು ಮಾಡುವುದು ಹಲ್ಲು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಅದಕ್ಕೆ ಹೊಂದುವ ಹಲ್ಲು ಮಾಡಿ ಕಳಿಸುತ್ತೇವೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯ ದ್ವಿತೀಯಾರ್ಧವೇ ನಮ್ಮ ಮಾಲೀಕರ ಅನ್ನ. ಅಚ್ಚಿಗೆ ಪ್ಲಾಸ್ಟರ್ ಸುರಿಯುವವನು ಸುಣ್ಣದಣ್ಣ. ಹುಬ್ಬಿನವರೆಗೂ ಸದಾ ಬೆಳ್ಳಗಿರುವುದರಿಂದ ಆ ಹೆಸರು. ಮೇಣದಲ್ಲಿ ಹಲ್ಲಿನ ಆಕಾರ ಕೆತ್ತುವವಳು ಮೇಣದಕ್ಕ. ಕಿಟಕಿ ಪಕ್ಕದ ಮೇಜು ನನ್ನದು. ಪಿಂಗಾಣಿ ಪುಡಿಯನ್ನು ಕಲಸಿ, ಕುಂಚದ ತುದಿಯಿಂದ ಪದರದ ಮೇಲೆ ಪದರ ಹಚ್ಚಿ, ಫರ್ನೇಸಿನಲ್ಲಿ ಸುಟ್ಟು ಹಲ್ಲಿಗೆ ಜೀವ ತರುವುದು ನನ್ನ ಕೆಲಸ. ನಾನು ಮಾಡಿದ ಹಲ್ಲನ್ನು ಅದರ ಪಕ್ಕದ ಹಲ್ಲೂ ಪರಕೀಯ ಅನ್ನುವುದಿಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ನನ್ನ ಸಂಬಳ ಇಪ್ಪತ್ತೊಂದು ಸಾವಿರ. ಮನೆಯಲ್ಲಿ ಅದು ಮೂವತ್ತು.

ಮೂರು ವರ್ಷದ ಹಿಂದೆ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಹೊಸದಾಗಿ ಮನೆಗೆ ಬಂದ ವಾರ. ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತೆ ಅವಳ ತಟ್ಟೆಗೆ ಬಡಿಸುತ್ತಾ, "ಕನ್ನಡಕದ ಅಂಗಡೀಲಿ ಎಷ್ಟು ಕೊಡ್ತಾರಮ್ಮ?" ಎಂದು ಕೇಳಿದರು. "ಇಪ್ಪತ್ತೈದು ಸಾವಿರ ಅತ್ತೆ," ಎಂದಳು ಅವಳು, ಗಂಟೆ ಎಷ್ಟು ಎಂದು ಕೇಳಿದವರಿಗೆ ಹೇಳುವ ಹಾಗೆ. ಡಿಗ್ರಿ ಓದಿದವಳು. ನಾನು ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. ಅತ್ತೆ ನನ್ನ ಕಡೆ ತಿರುಗಿದರು. "ನಿಂಗೆಷ್ಟೇ? ನಾನು ಕೇಳೇ ಇಲ್ಲ ನೋಡು ಇಷ್ಟು ವರ್ಷ."

ಆಗ ನನ್ನ ಸಂಬಳ ಇಪ್ಪತ್ತು. ನಮ್ಮ ಕೆಲಸದಲ್ಲಿ ಹಲ್ಲನ್ನು ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಕಟ್ಟಬೇಕು, ಸುಟ್ಟಾಗ ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಕೈಗೆ ಆ ಅಭ್ಯಾಸ ಕೂತುಬಿಟ್ಟಿದೆ, ನಾಲಿಗೆಗೂ ಇಳಿದಿರಬೇಕು. "ಮೂವತ್ತು," ಎಂದೆ. ಹಲ್ಲು ಕುಗ್ಗುತ್ತದೆ. ಈ ಮೂವತ್ತು ಒಂದು ಕಾಸೂ ಕುಗ್ಗಲಿಲ್ಲ.

ಅತ್ತೆಯ ಕೈಯಲ್ಲಿದ್ದ ಸೌಟು ತಾನಾಗಿಯೇ ನನ್ನ ತಟ್ಟೆಯ ಕಡೆ ಬಂತು. "ಹಾಗಾದ್ರೆ ಇನ್ಮೇಲೆ ಇಬ್ರೂ ಅರ್ಧ ಅರ್ಧ ಸಂಬಳ ಮನೆ ಖರ್ಚಿಗೆ ಕೊಡಿ. ನ್ಯಾಯ ಅಂದ್ರೆ ನ್ಯಾಯ," ಎಂದರು. ಅಂದಿನಿಂದ ಇಪ್ಪತ್ತರಲ್ಲಿ ಹದಿನೈದು ಅತ್ತೆಯ ಕೈಗೆ ಹೋಯಿತು, ಐದರಲ್ಲಿ ನಾನು ತಿಂಗಳು ದೂಡಿದೆ. ಬಸ್ಸಿನ ಕಾಸು ಉಳಿಸಲು ದಿನಾ ಎರಡು ಸ್ಟಾಪು ದೂರ ನಡೆದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಬೈಯುವವರು ಬೈಯಲಿ. ಆ ಮಲ್ಲಿಗೆಯಿಂದಲೇ ನನಗೆ ಆ ಮನೆಯಲ್ಲಿ ಒಂದು ಮುಖ ಬಂತು. ಅತ್ತೆ ನೆಂಟರ ಮುಂದೆ, "ಇವಳು ನಮ್ಮ ದೊಡ್ಡ ಸೊಸೆ, ಮೂವತ್ತು ಸಾವಿರ ತರ್ತಾಳೆ," ಎನ್ನುತ್ತಿದ್ದರು. ಯಾವ ಗೋಡೆಗೆ ಯಾವ ಬಣ್ಣ, ಯಾವ ಬಾಗಿಲಿಗೆ ಯಾವ ಪರದೆ ಎಂದು ನನ್ನನ್ನು ಕೇಳುತ್ತಿದ್ದರು. ಕಿರಿಯವಳು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಸುಳ್ಳು ಹೇಳಲಾರೆ, ಅದು ನನಗೆ ಬಹಳ ಹಿತವಾಗಿತ್ತು.

ಈ ಚಳಿಗಾಲದಲ್ಲಿ ಅವಳ ಕನ್ನಡಕದ ಅಂಗಡಿ ಮುಚ್ಚಿತು. ಅತ್ತೆ ನನ್ನನ್ನು ಕರೆದು, "ನಿಮ್ಮಲ್ಲಿಗೇ ಸೇರಿಸು ಇವಳನ್ನ. ನೀನು ಹೇಳಿದ್ರೆ ನಿಮ್ಮ ಮಾಲೀಕರು ಇಲ್ಲ ಅಂತಾರಾ?" ಎಂದರು. ಮೂವತ್ತು ಸಾವಿರದವಳು ಹೇಳಿದರೆ ಇಲ್ಲ ಎನ್ನಬಾರದು ತಾನೆ? ಅವಳು ಅದೇ ಕೋಣೆಯಲ್ಲಿ ಕೂತು, ಅದೇ ಲಕೋಟೆ ತೆಗೆದುಕೊಂಡರೆ ನನ್ನ ಬಂಡವಾಳ ಎಷ್ಟು ದಿನ ಉಳಿಯುತ್ತದೆ?

ಅವಳನ್ನು ಕರೆದೊಯ್ಯುವ ಹಿಂದಿನ ದಿನ ನಾನೇ ಮಾಲೀಕರ ಕೋಣೆಗೆ ಹೋದೆ. "ಸಾರ್, ಒಂದು ಉಪಕಾರ. ನನ್ನ ಸಂಬಳ ಎಷ್ಟು ಅಂತ ಅವಳಿಗೆ ಯಾವ ಕಾರಣಕ್ಕೂ ಹೇಳ್ಬೇಡಿ," ಎಂದು ಕೈ ಮುಗಿದೆ. ಮಾಲೀಕರು ಎದೆ ಮುಟ್ಟಿಕೊಂಡರು. "ನಾನು ಇಷ್ಟು ವರ್ಷದಲ್ಲಿ ಯಾರ ಸಂಬಳಾನಾದ್ರೂ ಯಾರಿಗಾದ್ರೂ ಹೇಳಿದೀನಾ? ನನ್ನ ತಲೆ ಹೋದರೂ ಹೇಳಲ್ಲ." ನಾನು ನಿಶ್ಚಿಂತೆಯಿಂದ ಮನೆಗೆ ಹೋಗಿ ಮಲಗಿದೆ.

ಅವಳಿಗೆ ಕೆಲಸ ಸಿಕ್ಕಿತು. ದಂತವೈದ್ಯರ ಹತ್ತಿರ ಹೋಗಿ, ಮಾದರಿ ಹಲ್ಲುಗಳ ಸರವನ್ನು ರೋಗಿಯ ಬಾಯಿಯ ಪಕ್ಕ ಹಿಡಿದು, ಸರಿಹೊಂದುವ ಬಣ್ಣ ಯಾವುದೆಂದು ಬರೆದು ತರುವ ಕೆಲಸ. ಅದನ್ನು ಮಾಡುತ್ತಿದ್ದವನು ಬಿಟ್ಟು ಎರಡು ತಿಂಗಳಾಗಿತ್ತು. ಕಾರ್ಖಾನೆಯಲ್ಲಿ ನಾನು ಅವಳನ್ನು ಮಾತಾಡಿಸುತ್ತಿರಲಿಲ್ಲ. ಅವಳು ತಂದ ಚೀಟಿಯಲ್ಲಿ ಬಣ್ಣ ತಪ್ಪಿದ್ದರೆ ಎಲ್ಲರಿಗೂ ಕೇಳುವಂತೆ ಓದುತ್ತಿದ್ದೆ. ಚೀಟಿ ಬಹುಮಟ್ಟಿಗೆ ತಪ್ಪಿರುತ್ತಿರಲಿಲ್ಲ, ಅದು ಇನ್ನೂ ಉರಿ. ಎರಡು ಜಡೆ ಒಂದು ಕಡೆ ಸೇರಲ್ಲ ಎಂದು ಸುಣ್ಣದಣ್ಣ ನಗುತ್ತಿದ್ದ.

ಮೊದಲ ತಿಂಗಳ ಲಕೋಟೆ ಬಂದ ದಿನ. ಸಂಜೆ ಊಟದ ಹೊತ್ತಿಗೆ ಅವಳು ಅರ್ಧವನ್ನು ಎಣಿಸಿ ಅತ್ತೆಯ ಮುಂದಿಟ್ಟಳು. "ಇಪ್ಪತ್ತೊಂಬತ್ತು ಕೊಟ್ರು ಅತ್ತೆ. ಅಕ್ಕನಿಗಿಂತ ಒಂದು ಸಾವಿರ ಕಮ್ಮಿ. ನಾನೇ ಹಾಗೆ ಕೇಳಿದೆ. ಅಕ್ಕನ ಸಮಕ್ಕೆ ಕೂರೋದು ಚೆನ್ನಾಗಿರಲ್ಲ ಅಂತ."

ಬಾಯಿಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ನನ್ನ ಗಂಡ ಬೆನ್ನು ತಟ್ಟಿದರು. ಅತ್ತೆ ನೀರು ಕೊಟ್ಟರು. ನಾನು ನೀರು ಕುಡಿದು, "ಒಳ್ಳೇದಾಯ್ತು," ಎಂದೆ. ಇನ್ನೇನು ಹೇಳಲಿ? ನಿನ್ನೆ ಬಂದವಳಿಗೆ ಇಪ್ಪತ್ತೊಂಬತ್ತು, ಹನ್ನೊಂದು ವರ್ಷ ಕಣ್ಣು ಸವೆಸಿದವಳಿಗೆ ಇಪ್ಪತ್ತೊಂದು. ಕಿರುಚಬೇಕು ಅನಿಸಿತು. ಕಿರುಚಿದರೆ ಮೂವತ್ತು ಹೋಗುತ್ತದೆ. ಮೂವತ್ತು ಹೋದರೆ ಆ ಮನೆಯಲ್ಲಿ ನಾನು ಯಾರು?

ಮರುದಿನ ಬಾಗಿಲು ತಟ್ಟದೆ ಮಾಲೀಕರ ಕೋಣೆಗೆ ನುಗ್ಗಿದೆ.

"ಅವಳಿಗೆ ಇಪ್ಪತ್ತೊಂಬತ್ತಾ ಸಾರ್?"

"ಯಾರು ಹೇಳಿದ್ದು?"

"ಅವಳೇ. ಊಟಕ್ಕೆ ಕೂತಾಗ, ಎಲ್ಲರ ಮುಂದೆ."

"ಎಂಥ ಹುಡುಗಿ! ಬಾಯಿ ಬಿಡಬೇಡ ಅಂತ ಅಷ್ಟು ಹೇಳಿದ್ದೆ." ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. "ಕೂತ್ಕೋ. ಅವಳು ಬಂದವಳೇ ಏನಂದ್ಲು ಗೊತ್ತಾ? 'ನಮ್ಮಕ್ಕನಿಗೆ ಮೂವತ್ತು ಕೊಡ್ತೀರಿ, ನನಗೆ ಇಪ್ಪತ್ತೊಂಬತ್ತು ಕೊಡಿ, ಕಮ್ಮಿ ಆದ್ರೆ ಬರಲ್ಲ.' ನಾನೇನು ಮಾಡ್ಲಿ? ಇಲ್ಲಮ್ಮ, ನಿಮ್ಮಕ್ಕನಿಗೆ ಕೊಡೋದು ಇಪ್ಪತ್ತೊಂದೇ ಅನ್ನಬೇಕಿತ್ತಾ? ಹಿಂದಿನ ದಿನ ತಾನೇ ಹೇಳ್ಬೇಡಿ ಅಂತ ನೀನು ಕೈ ಮುಗಿದು ಹೋಗಿದ್ದೆ. ನಾನು ಕೊಟ್ಟ ಮಾತಿಗೆ ತಪ್ಪೋನಲ್ಲ."

ನಾನು ತೋಡಿದ ಗುಂಡಿಯ ಆಳ ಎಷ್ಟೆಂದು ಆಗ ಕಂಡಿತು. ಆದರೂ ಬಿಡಲಿಲ್ಲ. "ಹಾಗಾದ್ರೆ ನನಗೂ ಮೂವತ್ತು ಕೊಡಿ. ಕೊಡ್ತಿದೀರಿ ಅಂತ ಅವಳ ಹತ್ರ ಒಪ್ಪಿಕೊಂಡಾಯ್ತಲ್ಲ."

"ನಾನು ಒಪ್ಪಿಕೊಳ್ಳಲಿಲ್ಲ, ಸುಮ್ಮನಿದ್ದೆ. ಅದು ಬೇರೆ." ಮಾಲೀಕರು ಕುರ್ಚಿಗೆ ಒರಗಿದರು. "ಅವಳು ಡಾಕ್ಟರುಗಳ ಹತ್ರ ಹೋಗಿ ಬರ್ತಾಳೆ, ನಯವಾಗಿ ಮಾತಾಡ್ತಾಳೆ. ನೀನು ಮಾತಾಡಿದ್ರೆ ಇರೋ ಗಿರಾಕಿನೂ ಹೋಗ್ತಾನೆ. ನೋಡಮ್ಮ, ಇದನ್ನ ದೊಡ್ಡದು ಮಾಡ್ಬೇಡ. ದೊಡ್ಡದು ಮಾಡಿದ್ರೆ ಅವಳಿಗೂ ಗೊತ್ತಾಗುತ್ತೆ. ಮರ್ಯಾದೆ ಹೋಗೋದು ನಂದಲ್ಲ."

ಆ ತಿಂಗಳೆಲ್ಲ ಹಲ್ಲು ಕಚ್ಚಿಕೊಂಡು ಹಲ್ಲು ಮಾಡಿದೆ. ಎರಡು ಸಲ ಪಿಂಗಾಣಿ ಬಿರುಕು ಬಿಟ್ಟಿತು. ಮನೆಯಲ್ಲಿ ಅವಳನ್ನು ಕಂಡರೆ ಮೈ ಉರಿಯುತ್ತಿತ್ತು. ಅವಳು ಒಗೆದು ಹಾಕಿದ ಬಟ್ಟೆಯನ್ನು ಸರಿಸಿ ನನ್ನದನ್ನು ಬಿಸಿಲಿಗೆ ಹಾಕುತ್ತಿದ್ದೆ. ಅವಳು ಅಡುಗೆಗೆ ಉಪ್ಪು ಹಾಕಿದ ಮೇಲೆ ನಾನೊಂದು ಚಿಟಿಕೆ ಹಾಕುತ್ತಿದ್ದೆ. ಕೀಳು ಕೆಲಸ, ಗೊತ್ತು. ದುಃಖಕ್ಕೆ ದೊಡ್ಡ ಮನಸ್ಸು ಬರುತ್ತದೆ ಎಂದು ಯಾರೋ ಹೊಟ್ಟೆ ತುಂಬಿದವರು ಹೇಳಿರಬೇಕು.

ಮುಂದಿನ ತಿಂಗಳ ಒಂದನೇ ತಾರೀಕು. ನನ್ನ ಸರದಿ ಬಂತು. ಇಷ್ಟೆಲ್ಲ ಆದ ಮೇಲೆ ಈ ಮನುಷ್ಯ ಕಣ್ಣು ತಪ್ಪಿಸಿ ಲಕೋಟೆ ಕೊಟ್ಟು ಕಳಿಸುತ್ತಾನೆ ಎಂದುಕೊಂಡಿದ್ದೆ. ಅವರು ಮುಂದಕ್ಕೆ ಬಾಗಿದರು, ದನಿ ತಗ್ಗಿಸಿದರು. "ನೋಡಮ್ಮ, ನಿಂಗೆ ಮಾತ್ರ ಸ್ವಲ್ಪ ಜಾಸ್ತಿ..."

ಮುಂದಿನದು ನನಗೆ ಕೇಳಿಸಲಿಲ್ಲ. ಹೊರಗೆ ಬಂದೆ. ಎಲ್ಲರೂ ತಂತಮ್ಮ ಮೇಜಿನಲ್ಲಿದ್ದರು. ಅವಳು ಮಾದರಿ ಸರವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಲಕೋಟೆಯನ್ನು ಮೇಲೆತ್ತಿ ಹಿಡಿದೆ.

"ನನಗೆ ಇಪ್ಪತ್ತೊಂದು ಸಾವಿರ," ಎಂದೆ.

ಹೊಳಪು ಕೊಡುವ ಮೋಟಾರು ನಿಂತಿತು. ಸುಣ್ಣದಣ್ಣ ಬಾಯಿ ತೆರೆದ. "ತಿಂಗಳಿಗಾ?"

"ಅಲ್ಲ, ಗಂಟೆಗೆ. ಮೂರ್ಖ, ತಿಂಗಳಿಗೇ."

"ನನಗೆ ಇಪ್ಪತ್ತನಾಲ್ಕು," ಎಂದ ಅವನು, ಬಹಳ ಮೆಲ್ಲಗೆ. ಅವನ ಬಿಳಿ ಹುಬ್ಬುಗಳ ಕೆಳಗೆ ನನ್ನ ಮೇಲೆ ಕನಿಕರ ಇಣುಕಿತು. ಇಷ್ಟು ವರ್ಷ ನಾನು ಪಾಪ ಅಂದುಕೊಂಡಿದ್ದವನ ಕನಿಕರ! ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

ಮೇಣದಕ್ಕ ಎದ್ದು ನಿಂತಳು. ನನ್ನ ಕಡೆಗಲ್ಲ, ಅವನ ಕಡೆಗೆ. "ನಿನಗೆ ಇಪ್ಪತ್ತನಾಲ್ಕಾ? ನನಗೆ ಇಪ್ಪತ್ಮೂರು! ನಾನು ನಿನಗಿಂತ ಎರಡು ವರ್ಷ ಮುಂಚೆ ಬಂದವಳು. ಗಾರೆ ಕಲಸೋನಿಗೆ ಇಪ್ಪತ್ತನಾಲ್ಕು!"

"ಗಾರೆ ಅಂತೆ. ನಾನು ಕಲಸದೆ ಇದ್ರೆ ನೀನು ಯಾವುದರ ಮೇಲೆ ಮೇಣ ಮೆತ್ತುತ್ತಿದ್ದೆ?"

ಒಗ್ಗಟ್ಟು ಗಿಗ್ಗಟ್ಟು ಏನೂ ಆಗಲಿಲ್ಲ. ಎಲ್ಲರೂ ಎಲ್ಲರ ಮೇಲೆ ಬಿದ್ದರು. ಯಾರಿಗೆ ಎಷ್ಟು, ಯಾಕೆ ಅಷ್ಟು, ಯಾರು ಯಾರ ಚೇಲಾ. ಕೊನೆಗೆ ಜಗಳವೇ ಅವರನ್ನು ಗಾಜಿನ ಬಾಗಿಲವರೆಗೆ ತಳ್ಳಿಕೊಂಡು ಹೋಯಿತು. ಒಬ್ಬೊಬ್ಬರಾಗಿ ಹೋಗುತ್ತಿದ್ದ ಕೋಣೆಗೆ ಆರು ಜನ ಒಟ್ಟಿಗೆ ನುಗ್ಗಿದರು. ಒಳಗಿನಿಂದ ಮಾಲೀಕರು "ಒಬ್ಬೊಬ್ಬರಾಗಿ ಬನ್ನಿ, ಒಬ್ಬೊಬ್ಬರಾಗಿ" ಎಂದು ಕೂಗುವುದು ಕೇಳುತ್ತಿತ್ತು. ಎಲ್ಲರಿಗಿಂತ ಕಡಿಮೆ ನನ್ನದೇ ಎಂದು ಅಷ್ಟರಲ್ಲಿ ಗೊತ್ತಾಗಿತ್ತು.

ವಾರಗಿತ್ತಿ ಒಳಗೆ ಹೋಗಲಿಲ್ಲ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯತೊಡಗಿದಳು. ನಾನು ಹಿಂದೆ ಓಡಿದೆ. ಯಾಕೆ ಓಡಿದೆ ಎಂದು ಕೇಳಿದರೆ ಹೇಳಲಾರೆ. ಮನೆಯಲ್ಲಿ ಹೇಳಬೇಡ ಎಂದು ಬೇಡಿಕೊಳ್ಳಲು ಇರಬೇಕು.

"ನಿಲ್ಲು," ಎಂದೆ.

ಅವಳು ತಿರುಗಿದಳು. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಮೆಟ್ಟಿಲು ವಾಪಸ್ ಹತ್ತಿ ಬಂದಳು.

"ಇಪ್ಪತ್ತೊಂದಾ?"

"ಹೂಂ."

"ಮೂರು ವರ್ಷದಿಂದ ಸುಳ್ಳಾ?"

"ಹೂಂ."

"ಹೋದ ವರ್ಷ ನನಗೆ ಕಣ್ಣು ಪರೀಕ್ಷೆ ಮಾಡೋ ಕೋರ್ಸಿಗೆ ಸೀಟು ಸಿಕ್ಕಿತ್ತು. ನೆನಪಿದೆಯಾ? ಒಂದೇ ವರ್ಷ. ಫೀಸೂ ಇರಲಿಲ್ಲ. ಅತ್ತೆ ಏನಂದ್ರು? 'ದೊಡ್ಡವಳು ಮೂವತ್ತು ತಂದು ಹಾಕುವಾಗ ನೀನು ಪುಸ್ತಕ ಹಿಡ್ಕೊಂಡು ಕೂರ್ತೀಯಾ?' ಆಗ ನೀನು ಅಲ್ಲೇ ಇದ್ದೆ."

ಮೂರು ವರ್ಷದಲ್ಲಿ ಮೊದಲ ಬಾರಿಗೆ ಅವಳು ನನಗೆ 'ನೀನು' ಎಂದಳು. ತಿದ್ದುವ ಧೈರ್ಯ ನನಗಿರಲಿಲ್ಲ.

"ಸುಮ್ನೆ ಇದ್ದಿದ್ರೂ ಆಗ್ತಿತ್ತು. 'ಈ ಮನೇಲಿ ಎಲ್ಲರೂ ದುಡೀಬೇಕಪ್ಪ' ಅಂದೆ. ಇದೇ ಬಾಯಲ್ಲಿ ಅಂದೆ. ನಾನು ಆ ಸೀಟು ಬಿಟ್ಟೆ. ನಿನ್ನ ಮೂವತ್ತು ಮುಟ್ಟಬೇಕು ಅಂತ ಭಾನುವಾರಾನೂ ಅಂಗಡೀಲಿ ನಿಂತೆ. ಆರು ತಿಂಗಳಾದ ಮೇಲೆ ಅಂಗಡೀನೇ ಹೋಯ್ತು."

ನಾನು ಹಾಗೆ ಹೇಳಿದ್ದು ನಿಜ. ಹೇಳಿದ ದಿನ ಎರಡು ತುತ್ತು ಜಾಸ್ತಿಯೇ ಊಟ ಮಾಡಿದ್ದೆ. ಮೆಟ್ಟಿಲ ಕಂಬಿ ಹಿಡಿದುಕೊಂಡು ನಿಂತೆ. ತಪ್ಪಾಯ್ತು ಎಂದು ಹೇಳಬೇಕಿತ್ತು. ಹೇಳಿದ್ದರೆ ಅವಳು ಆ ಚೀಲದಿಂದಲೇ ನನ್ನ ತಲೆಗೆ ಬಡಿಯುತ್ತಿದ್ದಳು, ಮತ್ತು ಅದು ಸರಿಯಾಗಿಯೇ ಇರುತ್ತಿತ್ತು.

"ಇವತ್ತು ಸಂಜೆ ನೀನೇ ಹೇಳು," ಎಂದಳು. "ನೀನು ಹೇಳ್ದಿದ್ರೆ ನಾನು ಹೇಳ್ತೀನಿ. ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ಮನೆಗೆ ಬಂದೆವು. ಗಂಡಸರು ಇನ್ನೂ ಬಂದಿರಲಿಲ್ಲ. ಅತ್ತೆ ಊಟದ ಮೇಜಿನ ಮುಂದೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ವಾರಗಿತ್ತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ನಾನು ಕೂರಲಿಲ್ಲ. ಕೂತರೆ ಹೇಳುವುದು ಆಗುವುದಿಲ್ಲ ಎಂದು ಗೊತ್ತಿತ್ತು.

"ಅತ್ತೆ, ನನ್ನ ಸಂಬಳ ಮೂವತ್ತಲ್ಲ. ಇಪ್ಪತ್ತೊಂದು. ಯಾವತ್ತೂ ಮೂವತ್ತು ಇರಲಿಲ್ಲ."

ಅತ್ತೆ ಒಂದು ಬೀನ್ಸು ಮುರಿದರು, ಇನ್ನೊಂದು ಮುರಿದರು. "ಗೊತ್ತು," ಎಂದರು.

ನನಗೆ ತಪ್ಪಾಗಿ ಕೇಳಿಸಿಲ್ಲ ಎಂದು ವಾರಗಿತ್ತಿಯ ಮುಖ ನೋಡಿ ಖಾತ್ರಿ ಮಾಡಿಕೊಂಡೆ. "ಯಾವಾಗಿಂದ?"

"ಮೊದಲ ತಿಂಗಳಿಂದಾನೇ. ಮೂವತ್ತು ಸಾವಿರ ತರೋಳು ಸವೆದ ಸೋಪಿನ ಚೂರನ್ನ ಹೊಸ ಸೋಪಿಗೆ ಅಂಟಿಸ್ತಾಳೇನೇ? ನನಗೇನು ಕಣ್ಣಿಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾಕೆ ಹೇಳ್ಬೇಕು?" ಅತ್ತೆಗೆ ನಿಜಕ್ಕೂ ಅರ್ಥವಾಗಲಿಲ್ಲ. "ನೀನು ತಿಂಗಳಾದ್ರೆ ಹದಿನೈದು ತಂದು ಕೊಡ್ತಿದ್ದೆ. ಇವಳು ನಿನ್ನ ನೋಡಿ ಭಾನುವಾರಾನೂ ಓಡ್ತಿದ್ದಳು. ಮನೆ ನಡೀತಿತ್ತು. ನಡೆಯೋ ಗಾಡಿ ಚಕ್ರಕ್ಕೆ ಕೋಲು ಯಾರು ಹಾಕ್ತಾರೆ?"

ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಮೂರು ವರ್ಷ ನಡೆದ ದಾರಿ ಕಾಲಿಗೆ ಒಟ್ಟಿಗೆ ಬಂದು ಸೇರಿತು. ಕುರ್ಚಿ ಎಳೆದು ಕೂತೆ. ಆ ಮನೆಯಲ್ಲಿ ನನ್ನ ಮುಖ ಅಂದುಕೊಂಡಿದ್ದು ನನ್ನದಾಗಿರಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ನಿಂತವಳು ಆಗ ಮಾತಾಡಿದಳು. ದನಿ ಬಹಳ ನಯವಾಗಿತ್ತು, ಡಾಕ್ಟರುಗಳ ಹತ್ತಿರ ಮಾತಾಡುವ ದನಿ. "ಅತ್ತೆ, ನಾವಿಬ್ರೂ ಅರ್ಧ ಅರ್ಧ ಕೊಡ್ತೀವಿ. ನಿಮ್ಮ ಮಕ್ಕಳು ಎಷ್ಟು ಕೊಡ್ತಾರೆ?"

"ಅವರಿಗೆ ಅವರ ಖರ್ಚಿರುತ್ತೆ. ಕೈಲಾದಷ್ಟು ಕೊಡ್ತಾರೆ."

"ಕೈಲಾದಷ್ಟು ಅಂದ್ರೆ ಎಷ್ಟು?"

"ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಕಣಮ್ಮ. ದೊಡ್ಡೋರು ಹೇಳಿದ್ದು."

ಹನ್ನೊಂದು ವರ್ಷದ ಸಂಸಾರದಲ್ಲಿ ಗಂಡನ ಸಂಬಳ ಎಷ್ಟೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ನನ್ನ ಪಾಲಿನ ಉಳಿದ ದುಡ್ಡು ಬ್ಯಾಂಕಿನಲ್ಲಿ ಬೆಳೆಯುತ್ತಿದೆ ಎಂದು ಅವರು, ಅವರ ಪಾಲಿನದು ಅತ್ತೆಯ ಕೈ ಸೇರುತ್ತಿದೆ ಎಂದು ನಾನು ನಂಬಿಕೊಂಡು ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ನಾನು ವಾರಗಿತ್ತಿಯ ಮುಖ ನೋಡಿದೆ. ಅವಳ ಕಣ್ಣಲ್ಲಿ ನನ್ನ ಮೇಲಿನ ಸಿಟ್ಟು ಒಂದು ಕೂದಲೆಳೆಯೂ ಇಳಿದಿರಲಿಲ್ಲ. ಇಳಿಯುವುದೂ ಇಲ್ಲ. ಆದರೂ ಅವಳು ಬಂದು ಮೇಜಿನ ಈ ಕಡೆ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.

ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲು ತೆರೆದು ನನ್ನ ಗಂಡ ಒಳಗೆ ಬಂದರು. ಒಂದು ಬೂಟು ಬಿಚ್ಚಿ, ಇನ್ನೊಂದರ ದಾರಕ್ಕೆ ಬಾಗಿದ್ದರು.

"ನಿಮ್ಮ ಸಂಬಳ ಎಷ್ಟು?" ಎಂದು ಕೇಳಿದೆ.

ಅವರು ಬಾಗಿದಲ್ಲಿಂದಲೇ ತಲೆಯೆತ್ತಿದರು. ನನ್ನ ಕಡೆ ನೋಡಲಿಲ್ಲ, ತಮ್ಮ ಅಮ್ಮನ ಕಡೆ ನೋಡಿದರು. ಅತ್ತೆ ತಲೆ ತಗ್ಗಿಸಿ ಬೀನ್ಸು ಮುರಿಯತೊಡಗಿದರು.

ವಾರಗಿತ್ತಿ ಎದುರಿನ ಕುರ್ಚಿಯನ್ನು ಕಾಲಿನಿಂದ ಅವರ ಕಡೆಗೆ ತಳ್ಳಿದಳು.

"ಕೂತ್ಕೊಂಡು ಹೇಳಿ ಭಾವ," ಎಂದಳು.